ಸ್ವಲ್ಪ ನಗಾಡಿ ಹೇಳಿ

ಎರ್ಮಾಳ್
14 ಜುಲೈ 2025, ಸೋಮವಾರ

ಪ್ರೀತಿಯ ಮಗಳು ಕಾವ್ಯಳಿಗೆ ಪಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಸೌಖ್ಯ. ನೀನೂ ಕಾರ್ಕಳದಲ್ಲಿ ಹೊಟ್ಟೆ ತುಂಬ ಉಂಡು, ತಲೆ ಒದ್ದೆ ಮಾಡಿಕೊಳ್ಳದೆ, ಸೌಖ್ಯವಾಗಿದ್ದೀ ಎಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳೂ ಬಂದಿವೆ. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು, ತಡವಾಯಿತು, ಬೇಸರಿಸಬೇಡ. ಕೆಲಸವಿತ್ತು ಎಂದು ಸುಳ್ಳು ಹೇಳುವ ಹಾಗೂ ಇಲ್ಲ. ಜೂನ್ ಒಂದರಿಂದ ಬೋಟು ಕಟ್ಟಿದ್ದೇವೆ, ಜುಲೈ ಮುಗಿಯುವವರೆಗೆ ಕಡಲಿಗೆ ಇಳಿಯುವಂತಿಲ್ಲ ಎಂದು ನಿನಗೂ ಗೊತ್ತು. ವಾರಕ್ಕೆರಡು ದಿನ ಮಲ್ಪೆಗೆ ಹೋಗಿ ಇಂಜಿನ್ ಬಿಚ್ಚಿ ಜೋಡಿಸುವುದು, ಉಳಿದ ದಿನ ನಿನ್ನ ಅಮ್ಮನಿಂದ ಬೈಸಿಕೊಳ್ಳುವುದು, ಇಷ್ಟೇ ನನ್ನ ಉದ್ಯೋಗ. ನಿಜ ಸಂಗತಿ ಏನೆಂದರೆ, ಮೂರು ಸಲ ಬರೆದೆ, ಮೂರು ಸಲವೂ ಹರಿದು ಹಾಕಿದೆ. ಇದು ನಾಲ್ಕನೆಯದು. ಇದನ್ನು ಮುಗಿಸಿ ಅಂಟು ಹಚ್ಚುವವರೆಗೆ ಏಳುವುದಿಲ್ಲ ಎಂದು ಕುಳಿತಿದ್ದೇನೆ.

ನಿಮ್ಮ ಹಾಸ್ಟೆಲಿನಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳಬಾರದು ಎಂದು ನಿಯಮ ಮಾಡಿದವರು ಯಾರೋ, ನನಗೆ ಮಾತ್ರ ದೊಡ್ಡ ಉಪಕಾರ ಮಾಡಿದ್ದಾರೆ. ಆದಿತ್ಯವಾರ ವಾರ್ಡನ್ ಎಸ್ತರ್ ಮೇಡಂ ಕೊಡುವ ಹತ್ತು ನಿಮಿಷದ ಫೋನು ಅಮ್ಮನ ಪಾಲು. ಕಿವಿ ಕೇಳದ ಅಪ್ಪನಿಗೆ ಕಾಗದವೇ ಸರಿ. ಮನೆಯಲ್ಲಿ ತುಳು ಮಾತನಾಡಿ ಕಾಗದಕ್ಕೆ ಕನ್ನಡ ಬರೆಯುವಾಗ ಶರಟಿನ ಗುಂಡಿ ಎಲ್ಲ ಹಾಕಿ ಕುಳಿತ ಹಾಗೆ ಅನಿಸುತ್ತದೆ. ಏಳನೇ ಕ್ಲಾಸಿನವನ ಬರವಣಿಗೆ, ತಪ್ಪಿದ್ದರೆ ನಗಬೇಡ. ನಕ್ಕರೂ ಅಡ್ಡಿಯಿಲ್ಲ.

ಮನೆಯ ಸುದ್ದಿ ಮೊದಲು. ತಿಲಕ್ ನಿನ್ನ ಮಂಚವನ್ನು ಆಕ್ರಮಿಸಿದ್ದಾನೆ. ಅಕ್ಕ ಬರುವಾಗ ಬಿಟ್ಟುಕೊಡುತ್ತೀಯಾ ಎಂದು ಕೇಳಿದರೆ, ಅರ್ಧ ಕೊಡುತ್ತಾನಂತೆ. ಕಡಲು ಈ ಸಲ ನಮ್ಮ ತೆಂಗಿನ ಮರಗಳಲ್ಲಿ ಎರಡನ್ನು ಎಳೆದುಕೊಂಡಿತು, ಕಲ್ಲು ಹಾಕಿದ ಕಡೆ ಮಾತ್ರ ನಿಂತಿದೆ. ಅಮ್ಮ ಒಣ ಸಿಗಡಿ ಚಟ್ನಿ ಮಾಡಿ ಮೌರಿಸ್ ಮಾಮನ ರಿಕ್ಷಾದಲ್ಲಿ ಕಳಿಸಿದ್ದು ಸಿಕ್ಕಿತೆಂದು ಬರೆದಿದ್ದೀ. ಡಬ್ಬಿ ಮುಚ್ಚಿ ಇಡು, ಕೋಣೆಯಲ್ಲಿ ಮೀನು ತಿನ್ನದ ಹುಡುಗಿ ಒಬ್ಬಳಿದ್ದಾಳೆ ಎಂದಿದ್ದೀಯಲ್ಲ, ಅವಳಿಗೆ ತೊಂದರೆಯಾಗಬಾರದು.

ನಿನ್ನ ಕಾಗದ ಓದಿ ನನಗೆ ಮೇ ಮೂವತ್ತನೇ ತಾರೀಕು ಮತ್ತೆ ಮತ್ತೆ ನೆನಪಾಗುತ್ತದೆ. ನಿನ್ನ ಹಳೆಯ ಶಾಲೆಯಿಂದ ಟಿ.ಸಿ. ತಂದ ದಿನ.

ನಾನು ಕಡಲಿನಲ್ಲಿದ್ದಾಗ ಅಮ್ಮ ಎರಡು ಸಲ ಆ ಶಾಲೆಯ ಆಫೀಸಿಗೆ ಹೋದಳಲ್ಲ. ಪಡುಬಿದ್ರಿ ಮಾರ್ಕೆಟಿನಲ್ಲಿ ಬುಟ್ಟಿ ಖಾಲಿ ಮಾಡಿ, ಮನೆಗೆ ಬಂದು ಮಿಂದು, ಮದುವೆ ಮನೆಗೆ ಉಡುವ ಸೀರೆ ಉಟ್ಟು ಹೋದಳು. ಮೊದಲ ದಿನ ಆ ಶ್ರೀವಾಣಿ ಮೇಡಂ ಹನ್ನೊಂದರಿಂದ ಒಂದರವರೆಗೆ ನಿಲ್ಲಿಸಿ, ಊಟಕ್ಕೆ ಏಳುವಾಗ "ಇವತ್ತು ಸರ್ವರ್ ಇಲ್ಲ" ಎಂದರಂತೆ. ಎರಡನೇ ದಿನ "ತಂದೆಯೇ ಬಂದು ಸಹಿ ಹಾಕ್ಬೇಕು" ಎಂದರಂತೆ. "ಅವರು ಬೋಟಿನಲ್ಲಿ ಹೋಗಿದ್ದಾರೆ, ನಾನು ಹೆತ್ತವಳು, ನನ್ನ ಸಹಿ ಆಗುದಿಲ್ವಾ?" ಎಂದು ಅಮ್ಮ ಕೇಳಿದ್ದಕ್ಕೆ, "ಹಾಗಾದ್ರೆ ಕಡಲಿಂದ ಕರ್ಕೊಂಡು ಬನ್ನಿ" ಎಂದರಂತೆ. ಅಮ್ಮ ಒಂದನ್ನೂ ಬಚ್ಚಿಡುವವಳಲ್ಲ, ನಾನು ಬಂದ ಮೇಲೆ ಆ ಮೇಡಂ ಕನ್ನಡಕ ಸರಿಸಿದ್ದನ್ನೂ ಮಾಡಿ ತೋರಿಸಿದಳು.

ಕಾರ್ಕಳದ ಕಾಲೇಜಿನವರು ಮೂವತ್ತನೇ ತಾರೀಕು ಸಂಜೆ ನಾಲ್ಕರ ಒಳಗೆ ಟಿ.ಸಿ. ಬಾರದಿದ್ದರೆ ಸೀಟು ಮುಂದಿನವರಿಗೆ ಎಂದಿದ್ದರು. ಸಯನ್ಸ್ ಸೀಟು, ಹಾಸ್ಟೆಲ್ ಸಮೇತ. ನೀನು ಎರಡು ವರ್ಷದಿಂದ ಅದನ್ನೇ ಜಪಿಸಿದವಳು. ಅಮ್ಮ ಬೋಟಿನ ಧನಿಗಳ ಮನೆಗೆ ಹೋಗಿ ವಯರ್‌ಲೆಸ್ಸಿನಲ್ಲಿ ಸುದ್ದಿ ಹಾಕಿಸಿದಳು. ವಯರ್‌ಲೆಸ್ ಎಂದರೆ ಗೊತ್ತಲ್ಲ, ಒಂದು ಬೋಟಿಗೆ ಹೇಳಿದರೆ ನಲವತ್ತು ಬೋಟಿಗೆ ಕೇಳುತ್ತದೆ. ಬೋಟು ನಡೆಸುವ ನಮ್ಮ ತಂಡೇಲ ಶೇಖರ ಇಂಜಿನ್ ಕೋಣೆಗೆ ಇಳಿದು ಬಂದು, ಅಂಗೈಯಲ್ಲಿ ಸಹಿ ಹಾಕುವ ಹಾಗೆ ಬೆರಳಾಡಿಸಿ, ನಿನ್ನ ಎರಡು ಜಡೆ ತೋರಿಸಿ, ಮಲ್ಪೆಯ ದಿಕ್ಕಿಗೆ ಕೈ ಮಾಡಿದ. ನನಗೆ ಎಲ್ಲ ತಿಳಿಯಿತು. ಬೋಟಿನಲ್ಲಿ ಇಂಜಿನ್ ನಡೆಯುವಾಗ ಯಾರಿಗೂ ಕಿವಿ ಕೇಳುವುದಿಲ್ಲ ಮಗಾ, ಎಲ್ಲರದ್ದೂ ಕೈಮಾತೇ. ಇಪ್ಪತ್ತೆರಡು ವರ್ಷ ಆ ಇಂಜಿನ್ನೇ ನನ್ನ ಕಿವಿ ತಿಂದದ್ದು ಹೌದು, ಆದರೆ ಅಲ್ಲಿ ನಾನೂ ಎಲ್ಲರಂತೆಯೇ. ಮಲ್ಪೆಗೆ ಬರುವ ದಾರಿಯಲ್ಲಿ ಸಿಕ್ಕಿದ ಬೋಟಿನವರೆಲ್ಲ ಕೈ ಬೀಸಿ, ಅಂಗೈಯಲ್ಲಿ ಸಹಿ ಹಾಕಿ ತೋರಿಸಿದರು. ನಿನ್ನ ಟಿ.ಸಿ. ಅರಬ್ಬೀ ಸಮುದ್ರಕ್ಕೆಲ್ಲ ಗೊತ್ತಾಗಿತ್ತು, ಆ ಆಫೀಸಿಗೊಂದು ಬಿಟ್ಟು.

ಆ ದಿನ ಹತ್ತೂವರೆಗೆ ಮಲ್ಪೆ ಬಂದರಿನ ದಕ್ಕೆಯಲ್ಲಿ ಇಳಿದೆ. ಮೌರಿಸ್ ರಿಕ್ಷಾ ತಂದು ನಿಂತಿದ್ದ. ಅಮ್ಮ ಅವನ ಕೈಯಲ್ಲಿ ಒಂದು ಚೀಲ ಕಳಿಸಿದ್ದಳು, ಒಳ್ಳೆಯ ಶರಟು, ಇನ್ನೂ ಏನೇನೋ. ಶರಟು ರಿಕ್ಷಾದಲ್ಲೇ ಬದಲಿಸಿದೆ. ಆದರೆ ಹನ್ನೆರಡು ದಿನದ ಡೀಸೆಲು, ಮೀನಿನ ವಾಸನೆ ಒಂದು ಶರಟಿಗೆ ಹೋಗುತ್ತದೆಯೇ? ಕಾಪು ಪೇಟೆಯಲ್ಲಿ ಬಸ್ಸುಗಳ ನಡುವೆ ಸಿಕ್ಕಿಬಿದ್ದು, ನಾವು ಶಾಲೆ ತಲುಪುವಾಗ ಹನ್ನೆರಡು ಕಾಲು. ನೀನು ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದೆ. ನನ್ನನ್ನು ನೋಡಿದ ಕೂಡಲೇ ಟೊಪ್ಪಿ ತೆಗೆಯಲು ಸನ್ನೆ ಮಾಡಿದೆ. ಮೇ ತಿಂಗಳ ಆ ಸೆಕೆಗೆ ಬೋಟಿನ ಉಲ್ಲನ್ ಟೊಪ್ಪಿಯನ್ನು ಕಿವಿಯವರೆಗೆ ಎಳೆದುಕೊಂಡು ಆಫೀಸಿಗೆ ಹೋಗುವ ಮನುಷ್ಯ ಯಾರಾದರೂ ಇದ್ದಾರೆಯೇ? ನಾನಿದ್ದೆ. ತೆಗೆಯಲಿಲ್ಲ. ನಿನಗೆ ನಾಚಿಕೆಯಾಗಿರಬೇಕು, ಆದರೂ ನೀನು ನನ್ನ ಕೈ ಹಿಡಿದೇ ಒಳಗೆ ಕರೆದುಕೊಂಡು ಹೋದೆ.

ಒಳಗೆ ನಡೆದದ್ದನ್ನು ನೀನು ಹೇಳಿದ ಹಾಗೆಯೇ ಬರೆಯುತ್ತೇನೆ, ನನಗೆ ನೆನಪಿರುವುದು ಹಾಗೆ. ಮೇಡಂ ನನ್ನನ್ನು ನೋಡಿ ಮೂಗಿನ ಹತ್ತಿರ ಕರ್ಚೀಫು ತಂದು ಏನೋ ಹೇಳಿದರು. ನೀನು ನನ್ನ ಬಲಕಿವಿಗೆ ಬಾಯಿಟ್ಟು, "ಪಪ್ಪಾ, ಅವರಿಗೆ ಶೀತವಂತೆ, ನಿಮಗೆ ಹರಡುದು ಬೇಡ, ಜಗಲಿಯ ಬೆಂಚಿನಲ್ಲಿ ಕೂತ್ಕೊಳ್ಳಿ ಅಂತ ಹೇಳ್ತಾರೆ" ಎಂದೆ. ಕುಳಿತೆ. ಬಾಗಿಲಿಂದ ಎಲ್ಲ ಕಾಣುತ್ತಿತ್ತು. ಆಮೇಲೆ ಒಳಗೆ ಕರೆದಾಗ ನಾನು "ನಮಸ್ಕಾರ ಮೇಡಂ, ಮಗಳ ಟಿ.ಸಿ. ಬೇಕಿತ್ತು" ಎಂದೆ. ನಾನು ಮೆಲ್ಲ ಅಂದುಕೊಂಡು ಹೇಳಿದ್ದು ಇಂಜಿನ್ ಮೇಲಿಂದ ಕೂಗಿದ ಹಾಗೆಯೇ ಇರುತ್ತದೆಂದು ನನಗೂ ಗೊತ್ತು. ಮೇಡಂ ಏನೋ ಅಂದರು, ಬದಿಯ ಮೇಜಿನವರು ತಲೆ ತಗ್ಗಿಸಿದರು. "ನಿಮ್ಮ ಸ್ವರ ಗಟ್ಟಿ ಉಂಟು, ಆರೋಗ್ಯ ಒಳ್ಳೆದಿರ್ಬೇಕು ಅಂತ ಹೇಳಿದ್ರು ಪಪ್ಪಾ" ಎಂದೆ ನೀನು. ಮತ್ತೆ ಅವರು ಪೆನ್ನು ಎತ್ತಿ ಏನೋ ಕೇಳಿದರು. "ಎಲ್ಲಿ ಸಹಿ ಹಾಕ್ಬೇಕು ಅಂತ ತೋರಿಸ್ತಾರೆ" ಎಂದೆ. ನಾನು ಗುಣಪಾಲ ಎಂದು ಪೂರ್ತಿ ಹೆಸರು, ಒತ್ತಕ್ಷರ ಇಲ್ಲದ ಹೆಸರಾದರೂ, ಬಹಳ ಚೆಂದ ಮಾಡಿ ಬರೆದೆ.

ಅಷ್ಟಾದರೂ ಮೇಡಂ ಲೈಬ್ರರಿಯ ಚೀಟಿ ಇಲ್ಲ, ನಾಡಿದ್ದು ಬನ್ನಿ ಎನ್ನುವ ಹಾಗೆ ಕೈ ಬೀಸುತ್ತಿದ್ದರು. ಗೋಡೆಯಲ್ಲಿ ಹನ್ನೆರಡು ಐವತ್ತು. ಆಗ ನೀನು ಮೇಜಿನ ಮೇಲೆ ಬಾಗಿ ಅವರೊಡನೆ ಏನೋ ಮಾತನಾಡಿದೆ. ಅವರು ನಿನ್ನನ್ನು ನೋಡಿದರು, ನನ್ನನ್ನು ನೋಡಿದರು, ಪೆನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ನಗಾಡಿದರು. ಹತ್ತು ನಿಮಿಷದಲ್ಲಿ ಟಿ.ಸಿ. ನಿನ್ನ ಕೈಯಲ್ಲಿತ್ತು. "ಎಂತ ಹೇಳಿದ್ರು?" ಎಂದು ಕೇಳಿದ್ದಕ್ಕೆ, "ಮಗಳನ್ನು ಚೆನ್ನಾಗಿ ಓದಿಸಿ ಅಂತ ಹೇಳಿದ್ರು. ತುಂಬ ಒಳ್ಳೆಯವರು ಪಪ್ಪಾ" ಎಂದೆ. ಪಡುಬಿದ್ರಿಯಲ್ಲಿ ಬಸ್ಸು ಹತ್ತಿ, ಕಾರ್ಕಳದ ಆಫೀಸಿನಲ್ಲಿ ಮೂರೂವರೆಗೆ ಕೊಟ್ಟೇಬಿಟ್ಟೆವು. ಅಮ್ಮನಿಗೆ ಕಡಲಿಂದ ಕರೆದುಕೊಂಡು ಬನ್ನಿ ಎಂದವರೇ ನನ್ನ ಹತ್ತಿರ ಇಷ್ಟು ಮರ್ಯಾದೆಯಿಂದ ನಡೆದುಕೊಂಡರೆಂದು ಹೇಳಿದರೆ ಅಮ್ಮ ಈಗಲೂ ನಂಬುವುದಿಲ್ಲ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಸ್ಕಾಲರ್‌ಶಿಪ್ಪಿನ ಅರ್ಜಿಗೆ ಕಾಲೇಜಿನ ಆಫೀಸಿಗೆ ನೀನು ನಾಲ್ಕು ಸಲ ಹೋದೆಯಂತೆ, ಇನ್ನೂ ಆಗಿಲ್ಲವಂತೆ, ಆದರೆ "ಅಲ್ಲಿಯವರೂ ತುಂಬ ಒಳ್ಳೆಯವರು ಪಪ್ಪಾ" ಎಂದು ಬರೆದಿದ್ದೀ. ಕೋಣೆಯ ಹುಡುಗಿಯರು ಒಳ್ಳೆಯವರು, ಮೆಸ್ಸಿನವರು ಒಳ್ಳೆಯವರು ಎಂದೂ ಬರೆದಿದ್ದೀ. ಎರಡು ಕಾಗದದಲ್ಲಿ ಒಟ್ಟು ಏಳು ಕಡೆ ಒಳ್ಳೆಯವರು ಉಂಟು. ಕಾರ್ಕಳದಲ್ಲಿ ಅಷ್ಟು ಒಳ್ಳೆಯವರಿದ್ದರೆ ಸಂತೋಷವೇ.

ಚೆನ್ನಾಗಿ ಓದು. ಓದಿನಷ್ಟೇ ನಿದ್ರೆಯನ್ನೂ ಮಾಡು. ಹಸಿವೆಯಾದರೆ ಹಸಿವೆ ಎಂದು ಹೇಳು, ನಿನಗೆ ಅದೊಂದು ಬರುವುದಿಲ್ಲ. ನೀನು ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ, ನಿನ್ನ ದಾರಿ ಸುಸೂತ್ರವಾಗಲಿ ಎಂದು ದಿನಾ ಕಡಲಿಗೆ ಕೈಮುಗಿಯುವಾಗ ಕೇಳಿಕೊಳ್ಳುತ್ತೇನೆ.

ನಿನ್ನ ಪಪ್ಪ,
ಗುಣಪಾಲ

ಇನ್ನೊಂದು ಮಾತು:

ಮೂರು ಕಾಗದಗಳನ್ನು ಹರಿದದ್ದು ಈ ಜಾಗಕ್ಕೆ ಬಂದಾಗಲೇ. ಈ ಸಲ ಬರೆದೇ ಬಿಡುತ್ತೇನೆ.

ಮೌರಿಸ್ ತಂದ ಚೀಲದಲ್ಲಿ ಶರಟಿನ ಜೊತೆ ಇನ್ನೊಂದು ವಸ್ತುವಿತ್ತು. ಏಪ್ರಿಲ್‌ನಲ್ಲಿ ನಾನು ಮಣಿಪಾಲಕ್ಕೆ ಹೋಗಿದ್ದು ಬೆನ್ನು ನೋವಿಗೆ ಅಲ್ಲ, ಕಿವಿಗೆ ಇಡುವ ಮಿಷನ್ನಿಗೆ. ಎಡಕಿವಿ ಮುಗಿದಿದೆ, ಬಲಕಿವಿಗೆ ಇದನ್ನಿಟ್ಟರೆ ಕೇಳಬಹುದು ಎಂದು ಡಾಕ್ಟ್ರು ಹೇಳಿದ್ದರು. ಉಪ್ಪು ನೀರು ತಾಗಬಾರದೆಂದು ಬೋಟಿಗೆ ಒಯ್ಯಲಿಲ್ಲ. ಅಮ್ಮನಿಗೆ ಮಾತ್ರ ಗೊತ್ತಿತ್ತು. ಟಿ.ಸಿ. ಸಿಕ್ಕಿದ ಮೇಲೆ ಟೊಪ್ಪಿ ತೆಗೆದು, "ಇನ್ನು ನೀನು ಕೂಗಬೇಡ ಮಗಾ" ಎಂದು ಹೇಳಿ ನಿನ್ನನ್ನು ಬೆರಗು ಮಾಡಬೇಕೆಂದು ನಾನು, ಅಮ್ಮ ಮಾತನಾಡಿಕೊಂಡಿದ್ದೆವು. ರಿಕ್ಷಾದಲ್ಲಿ ಮೌರಿಸ್ ಅದನ್ನು ಕಿವಿಗೆ ಸಿಕ್ಕಿಸಿ, "ಎಂತ ಮಾರಾಯ, ಕೇಳ್ತದಾ?" ಎಂದ. ಕೇಳಿತು. ಅವನ ರಿಕ್ಷಾ ಅಷ್ಟು ಹಾಳಾಗಿದೆಯೆಂದು ಆಗಲೇ ಗೊತ್ತಾದದ್ದು.

ಹಾಗಾಗಿ, ನಾನು ಆ ಆಫೀಸಿನಲ್ಲಿ ಎಲ್ಲವನ್ನೂ ಕೇಳಿದೆ ಕಾವ್ಯ.

"ಎಂತ ವಾಸನೆ ಇದು, ಇವರನ್ನು ಮೊದ್ಲು ಹೊರಗೆ ಕೂರಿಸು" ಎಂದದ್ದು ಕೇಳಿದೆ. "ಇದು ಮೀನು ಏಲಂ ಮಾಡುವ ಜಾಗ ಅಲ್ಲ" ಎಂದದ್ದು ಕೇಳಿದೆ. "ಸಹಿ ಹಾಕ್ಲಿಕ್ಕೆ ಬರ್ತದಾ, ಹೆಬ್ಬೆಟ್ಟಾ?" ಎಂದದ್ದೂ ಕೇಳಿದೆ. ಪ್ರತಿಯೊಂದು ಮಾತಿಗೂ ನೀನು ನನ್ನ ಕಡೆ ತಿರುಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ, ಅದನ್ನು ಬೇರೆ ಮಾಡಿ ನನಗೆ ಕೊಟ್ಟದ್ದನ್ನು ನೋಡಿದೆ. ಶೀತವಂತೆ, ಸ್ವರ ಗಟ್ಟಿಯಂತೆ. ಐದನೇ ಕ್ಲಾಸಿನಿಂದ ನೀನು ನನ್ನ ಜೊತೆ ಬ್ಯಾಂಕಿಗೆ, ರೇಶನ್ ಅಂಗಡಿಗೆ, ಪಂಚಾಯತಿಗೆ ಬರುತ್ತಿದ್ದೀ. ಎಲ್ಲರೂ ನನ್ನ ಹತ್ತಿರ ಎಷ್ಟು ಚೆಂದ ಮಾತನಾಡುತ್ತಾರೆ, ಲೋಕ ಸುಧಾರಿಸಿದೆ ಎಂದು ನಾನು ಶೇಖರನೊಡನೆ ಜಂಭ ಕೊಚ್ಚಿದ್ದುಂಟು. ಸುಧಾರಿಸಿದ್ದು ಲೋಕವಲ್ಲ, ನೀನು ಸುಧಾರಿಸಿ ಹೇಳುತ್ತಿದ್ದೆ. ಹತ್ತು ವರ್ಷದ ಹುಡುಗಿ ಅಪ್ಪನಿಗೆ ಬರುವ ಬೈಗುಳವನ್ನೆಲ್ಲ ತಾನು ಇಟ್ಟುಕೊಂಡಳು.

ಕೊನೆಗೆ ನೀನು ಮೇಜಿನ ಮೇಲೆ ಬಾಗಿ ಮೇಡಂಗೆ ಹೇಳಿದ ಮಾತು ಉಂಟಲ್ಲ, ಅದನ್ನೂ ಕೇಳಿದೆ. ಎಷ್ಟು ಮೆಲ್ಲ ಹೇಳಿದ್ದೆ ನೀನು. "ಮೇಡಂ, ನನಗೆ ಎಷ್ಟು ಬೇಕಾದ್ರೂ ಬೈಯಿರಿ. ಪಪ್ಪನಿಗೆ ಕೇಳುದಿಲ್ಲ. ಆದ್ರೆ ಅವರಿಗೆ ಮುಖ ನೋಡಿದ್ರೆ ಗೊತ್ತಾಗ್ತದೆ. ಅದಕ್ಕೆ ಸ್ವಲ್ಪ ನಗಾಡಿ ಹೇಳಿ."

ಅವರು ನಗಾಡಿದರು. ಕಣ್ಣು ಮಾತ್ರ ಬೇರೆ ಕಡೆ ಹೋಯಿತು. ಮಗಳನ್ನು ಚೆನ್ನಾಗಿ ಓದಿಸಿ ಎಂದು ಅವರು ಹೇಳಲೇ ಇಲ್ಲ, ಟಿ.ಸಿ. ಬರೆದು ನಿನ್ನ ಕೈಗಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಸಿಟ್ಟು ಉಂಟು. ಅಮ್ಮನನ್ನು ಎರಡು ಗಂಟೆ ನಿಲ್ಲಿಸಿದ್ದಕ್ಕೆ ಇನ್ನೂ ಉಂಟು. ಆದರೆ ಆಗ ನನ್ನ ಮನಸ್ಸು ಅವರ ಮೇಲೆ ಇರಲಿಲ್ಲ. ಆರು ವರ್ಷದ ಮೇಲೆ, ನೀನು ಕಿವಿಗೆ ಕೂಗದೆ ಮೆಲ್ಲ ಆಡುವ ಸ್ವರ ಕೇಳುತ್ತಿದ್ದೆ. ನನ್ನ ಕಿವಿಯಲ್ಲಿ ಉಳಿದದ್ದು ಐದನೇ ಕ್ಲಾಸಿನ ಕೀಚಲು ಸ್ವರ. ಇದು ದೊಡ್ಡ ಹೆಣ್ಣಿನ ಸ್ವರ, ನನ್ನ ಅಮ್ಮನ ಸ್ವರದ ಹಾಗೆಯೇ ಉಂಟು. ಅದನ್ನು ಮೊದಲ ಸಲ ಕೇಳಿದಾಗ ಅದು ನನಗಾಗಿ ಒಬ್ಬರ ಹತ್ತಿರ ಬೇಡುತ್ತಿತ್ತು.

ಹೊರಗೆ ಬಂದು ಟೊಪ್ಪಿ ತೆಗೆಯಲು ನನ್ನಿಂದ ಆಗಲಿಲ್ಲ. ತೆಗೆದರೆ, ನಾನು ಕೇಳಿದೆ ಎಂದು ನಿನಗೆ ತಿಳಿಯುತ್ತಿತ್ತು. ನೀನು ಅಷ್ಟು ಕಷ್ಟಪಟ್ಟು ಉಳಿಸಿದ ನನ್ನ ಮರ್ಯಾದೆ ಅಲ್ಲೇ ಗೇಟಿನ ಹತ್ತಿರ ಬಿದ್ದು ಹೋಗುತ್ತಿತ್ತು. ಹಾಗಾಗಿ ಕಾರ್ಕಳದವರೆಗೂ ಸೆಕೆಯಲ್ಲಿ ಬೆವರುತ್ತ ಕುಳಿತೆ, ಬಸ್ಸಿನಲ್ಲಿ ನೀನು ಕಿಟಕಿಯ ಕಡೆ ಮುಖ ಮಾಡಿ ಮೂಗು ಎಳೆದುಕೊಂಡದ್ದು ಕೇಳಿಸಿಯೂ ಕೇಳದವನಂತೆ ಇದ್ದೆ. ಅದೊಂದು ತಪ್ಪು ಮಾಡಿದೆ. ಆಗಲೇ ನಿನ್ನ ತಲೆಯ ಮೇಲೆ ಕೈ ಇಡಬೇಕಿತ್ತು. ಕ್ಷಮಿಸು.

ನಿನ್ನೆ ಫೋನ್ ಇಟ್ಟ ಮೇಲೆ ಅಮ್ಮ ನೇರ ನನ್ನ ಹತ್ತಿರ ಬಂದು ಕುಳಿತಳು. ಎಲ್ಲ ಒಳ್ಳೆದುಂಟು ಎಂದು ನೀನು ಹೇಳಿದೆಯಂತೆ, ಆದರೆ ನಿನ್ನ ಸ್ವರ ಒಡೆದಿತ್ತು ಎಂದಳು. ಏಳು ಕಡೆ ಒಳ್ಳೆಯವರು ಏಕೆ ಬಂದರೆಂದು ಆಗ ನನಗೆ ಅರ್ಥವಾಯಿತು. ಅವರಲ್ಲಿ ಯಾರು ನಿಜವಾಗಿ ಒಳ್ಳೆಯವರು, ಯಾರನ್ನು ನೀನು ಸುಧಾರಿಸಿ ಬರೆದಿದ್ದೀ ಎಂದು ನನಗೆ ಗೊತ್ತಾಗಬೇಕು. ಆ ಆಫೀಸಿಗೆ ಐದನೇ ಸಲ ನೀನು ಒಬ್ಬಳೇ ಹೋಗುವುದು ಬೇಡ. ನಾನು ಬರುತ್ತೇನೆ, ಟೊಪ್ಪಿ ಇಲ್ಲದೆ ಬರುತ್ತೇನೆ, ಅವರು ಹೇಳುವುದನ್ನು ನನಗೇ ಹೇಳಲಿ. ನಾನು ಅದನ್ನು ಹೊರಬಲ್ಲೆ. ಅಪ್ಪ ಎಂದರೆ ಅಷ್ಟಾದರೂ ಬೇಡವೇ?

ಬರುವ ಆದಿತ್ಯವಾರ ಎಸ್ತರ್ ಮೇಡಂ ಫೋನ್ ಕೊಟ್ಟಾಗ ಇಲ್ಲಿ ಎತ್ತುವುದು ನಾನು. ಅಮ್ಮನ ಪಾಲಿನ ಹತ್ತು ನಿಮಿಷವನ್ನು ಈ ಸಲ ಬೇಡಿ ಪಡೆದಿದ್ದೇನೆ. ಯಾರು ಏನು ಅಂದರೋ ಹಾಗೆಯೇ ಹೇಳು, ಒಂದಕ್ಷರ ಬದಲಿಸಬೇಡ. ಅಳು ಬಂದರೆ ಅಳು. ಕೂಗಬೇಕೆಂದಿಲ್ಲ ಮಗಾ, ಮೆಲ್ಲ ಹೇಳು. ನನಗೆ ಕೇಳುತ್ತದೆ.